ಬಾಗಿಲಲ್ಲಿ ಕೇಳುವ ಪ್ರಶ್ನೆ

ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ನನ್ನ ಬಿಲ್ಲುಗಾರ ಗೋಡೆಗೆ ಮೂಗು ಒತ್ತಿಕೊಂಡು ನಡೆಯತೊಡಗಿದ. ಬಾಗಿಲು ಅವನ ಎಡಗಡೆಗೇ ಇತ್ತು. ಟೀವಿ ಪರದೆಯ ಮೂಲೆಯಲ್ಲಿದ್ದ ಆ ಗಂಟೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಬಿಲ್ಲುಗಾರನನ್ನು ನಡೆಸುತ್ತಿದ್ದವನು ನಾನೇ. ಆದರೂ ಏನೋ ಕೆಟ್ಟಿದೆ ಎಂದು ನನಗೆ ಹೊಳೆಯಲಿಲ್ಲ. ಹೊಳೆದದ್ದು ರಸ್ತೆಯಾಚೆಯ ತಮ್ಮ ಮನೆಯಲ್ಲಿ ಕೂತು ನಮ್ಮ ಜೊತೆ ಅದೇ ವಿಡಿಯೋ ಗೇಮ್ ಆಡುತ್ತಿದ್ದ ಡಾಕ್ಟರಮ್ಮನಿಗೆ.

ಅವರ ಕೈಗಳನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಬೆರಳ ಗಂಟುಗಳೆಲ್ಲ ಹಸಿಶುಂಠಿಯ ಹಾಗೆ ಊದಿದ್ದವು. ಎಡಗೈ ಹೆಬ್ಬೆರಳು ಹೊರಕ್ಕೆ ಬಾಗಿಬಿಟ್ಟಿತ್ತು. ಆಪರೇಷನ್ ಮೇಜಿನ ತಲೆಯ ಕಡೆ ನಿಂತು ಸಾವಿರಾರು ಜನರ ಮುಖಕ್ಕೆ ಮಾಸ್ಕ್ ಒತ್ತಿ ಹಿಡಿದು ಬಾಗಿದ್ದಂತೆ. ಅವರು ಅರಿವಳಿಕೆ ಕೊಡುವ ಡಾಕ್ಟರಾಗಿದ್ದವರು. ಧಾರವಾಡದಲ್ಲಿ ಓದಿ, ಮದುವೆಯಾಗಿ ಈ ಚಳಿದೇಶಕ್ಕೆ ಬಂದು, ಥಾರ್ನ್‌ಕ್ಲಿಫ್ ಪಾರ್ಕಿನ ಅಪಾರ್ಟ್‌ಮೆಂಟೊಂದರಲ್ಲಿ ಸಂಸಾರ ಹೂಡಿದವರು. ನಿವೃತ್ತರಾದ ಮೇಲೆ ಈಗ ನಾವೂ ಇರುವ ಸ್ಟೌಫ್‌ವಿಲ್‌ಗೆ ಬಂದಿದ್ದರು. ಬೆರಳು ಮರಗಟ್ಟದಿರಲಿ ಎಂದು ಫಿಸಿಯೋಥೆರಪಿಸ್ಟ್ ಒಂದು ರಬ್ಬರ್ ಚೆಂಡು ಕೊಟ್ಟು ದಿನಾ ಹಿಸುಕಿ ಎಂದಿದ್ದನಂತೆ. “ಎಂಟು ದಿನಾ ಹಿಸುಕಿದೆ. ಬ್ಯಾಸರಾತು. ಆಮ್ಯಾಲೆ ಇದನ್ನ ತಂದೆ,” ಎಂದು ಕಂಟ್ರೋಲರನ್ನು ಎತ್ತಿ ತೋರಿಸುತ್ತಿದ್ದರು. “ವ್ಯಾಯಾಮಕ್ಕ ವ್ಯಾಯಾಮನೂ ಆತು, ನಾಕು ರಾಕ್ಷಸರೂ ಸತ್ತರು.”

ನಾವು ಆ ಬೀದಿಗೆ ಬಂದ ಹೊಸತರಲ್ಲಿ ಅವರ ಪಾರ್ಸೆಲ್ ಒಂದು ನಮ್ಮ ಮನೆಗೆ ಬಂದಿತ್ತು. ಕೊಡಲು ಹೋದೆ. ಬೆಳ್ಳಗಿನ ಕೂದಲ ಮೇಲೆ ಹೆಡ್‌ಸೆಟ್ ಹಾಕಿಕೊಂಡು, ಬೆರಳ ತುದಿ ಕತ್ತರಿಸಿದ ಉಣ್ಣೆಯ ಕೈಗವಸು ತೊಟ್ಟ ಹೆಂಗಸು ಬಾಗಿಲು ತೆರೆದು, ನನ್ನ ಮುಖ ನೋಡಿ ನೇರವಾಗಿ ಕನ್ನಡದಲ್ಲೇ ಹೇಳಿದರು: “ಒಂದ್ನಿಮಿಷ ನಿಂದರ್ರಿ. ಒಳಗ ಮಂದಿ ಸಾಯ್ಲಿಕ್ಕತ್ತಾರ.” ನಾನು ಗಾಬರಿಯಿಂದ ಹಿಂದೆಯೇ ಓಡಿದೆ. ಒಳಗೆ ಗೋಡೆಯಗಲದ ಟೀವಿಯಲ್ಲಿ ಒಂದು ಹಿಮದ ಕಣಿವೆ, ಅದರೊಳಗೆ ತೋಳಗಳ ಹಿಂಡು. ಡಾಕ್ಟರಮ್ಮ ಕೂತು ಒಬ್ಬೊಬ್ಬರನ್ನೇ ಬದುಕಿಸಿ ಮುಗಿಸಿದ ಮೇಲೆ, “ಹಾಂ, ಈಗ ಹೇಳ್ರಿ. ಚಹಾ ಕುಡೀತೀರೇನು?” ಎಂದರು.

ಹಾಗೆ ನಾನೂ ಆಟಕ್ಕೆ ಬಿದ್ದೆ. ಹಿಂದೆಯೇ ನನ್ನ ಒಂಬತ್ತು ವರ್ಷದ ಮಗಳೂ. ಅದು ಒಂದು ಸಂಜೆಗೆ ಮುಗಿಯುವ ಆಟವಲ್ಲ. ಕಂಚಿನ ಗಂಟೆಯೊಂದನ್ನು ಸಮುದ್ರದ ದಡದಿಂದ ಹಿಮದ ಬೆಟ್ಟದ ತುದಿಗೆ ಹೊತ್ತೊಯ್ಯಬೇಕು. ದಾರಿಯಲ್ಲಿ ಊರುಗಳು, ಕೋಟೆಗಳು, ಜಗಳಗಳು. ನಾವು ನಾಲ್ವರ ತಂಡ, ಅವರವರ ಮನೆಯಿಂದಲೇ ಹೆಡ್‌ಸೆಟ್ಟಿನಲ್ಲಿ ಮಾತಾಡಿಕೊಂಡು ಎರಡು ಚಳಿಗಾಲ ನಡೆದಿದ್ದೆವು. ನಾನು ಬಿಲ್ಲುಗಾರ. ಮಗಳು ನರಿಬಾಲದ ಕಳ್ಳಿ. ಒಂದು ಕ್ಷಣ ನಿಂತಲ್ಲಿ ನಿಲ್ಲದೆ ಮೇಜು, ಪೀಪಾಯಿ, ಸತ್ತ ರಾಕ್ಷಸನ ಹೊಟ್ಟೆ, ಎಲ್ಲದರ ಮೇಲೂ ಕುಪ್ಪಳಿಸುವವಳು. ಬ್ರಾಂಪ್ಟನ್ನಿನ ಒಬ್ಬ ಪಂಜಾಬಿ ಲಾರಿ ಡ್ರೈವರ್ ನಮ್ಮ ಕತ್ತಿ ಹಿಡಿದ ಯೋಧ. ಮುಖ ನೋಡಿಲ್ಲ, ದನಿಯಷ್ಟೇ ಗೊತ್ತು. ಡಾಕ್ಟರಮ್ಮ ಗಾಯ ಮಾಯಿಸುವ ವೈದ್ಯೆ.

“ಜೀವಮಾನವೆಲ್ಲ ಡಾಕ್ಟರಾಗಿದ್ದು ಇಲ್ಲೂ ಡಾಕ್ಟರೇನಾ? ಒಂದು ಸಲ ಕತ್ತಿ ಹಿಡೀರಿ,” ಎಂದು ನಾನು ಛೇಡಿಸಿದ್ದುಂಟು.

“ಕತ್ತಿ ಹಿಡಿಯೋ ಸರ್ಜನ್‌ಗಳನ್ನ ಭಾಳ ಮಂದಿ ನೋಡೀನಿ ತಮ್ಮಾ. ಅವರು ಕೊಯ್ದು, ಹೆಸರು ತಗೊಂಡು, ಕಾಫಿಗೆ ಹೋಗ್ತಾರ. ಪೇಶಂಟ್ ಉಸಿರಾಡ್ಲಿಕ್ಕತ್ತಾನೋ ಇಲ್ಲೋ ನೋಡಾವ್ರು ನಾವು.”

ಅವರ ಆಟದ ರೀತಿಯೇ ಬೇರೆ. ಪ್ರತಿಯೊಬ್ಬರ ತಲೆಯ ಮೇಲೆ ಎಷ್ಟು ಜೀವ ಉಳಿದಿದೆ ಎಂದು ತೋರಿಸುವ ಕೆಂಪು ಪಟ್ಟಿಯೊಂದು ಇರುತ್ತದಲ್ಲ, ಅದನ್ನು ಅವರು ತಮ್ಮ ಪರದೆಯಿಂದ ತೆಗೆದುಹಾಕಿದ್ದರು. ಅದು ತಡವಾಗಿ ಹೇಳುತ್ತದೆ ಎಂಬುದು ಅವರ ದೂರು. “ಮೆಷಿನ್ ಕೂಗೋ ಮೊದಲ ಮನಶ್ಯಾ ಹೇಳಿರ್ತಾನ. ನೋಡಬೇಕಷ್ಟ.” ರಾಕ್ಷಸನ ಕಡೆಗಂತೂ ಅವರು ತಿರುಗಿಯೂ ನೋಡುತ್ತಿರಲಿಲ್ಲ. “ಅವನ್ನ ನೀವು ನೋಡ್ರಿ. ನಾ ನಿಮ್ಮನ್ನ ನೋಡ್ತೀನಿ.” ಇದು ಅವರು ಯಾವಾಗಲೂ ಆಡುತ್ತಿದ್ದ ಮಾತು.

ಇನ್ನೊಂದು ಕಟ್ಟಳೆಯಿತ್ತು. ಯಾವುದೇ ಬಾಗಿಲು ದಾಟುವ ಮೊದಲು ಎಲ್ಲರೂ ನಿಲ್ಲಬೇಕು. ಅವರು ಒಬ್ಬೊಬ್ಬರನ್ನೂ ಕೇಳುತ್ತಾರೆ: “ಮುಂಜಾನೆ ಏನ್ ತಿಂದ್ರಿ?” ಉತ್ತರ ಹೇಳದೆ ಬಾಗಿಲು ತೆರೆಯುವಂತಿಲ್ಲ. ಅರಿವಳಿಕೆ ಕೊಡುವ ಮುಂಚೆ ರೋಗಿಯ ಹೊಟ್ಟೆ ಖಾಲಿಯಿದೆಯೇ ಎಂದು ಕೇಳಿ ಕೇಳಿ ಬಂದ ಅಭ್ಯಾಸ. ಸುಮ್ಮನೆ ‘ಹೂಂ’ ಅಂದರೆ ನಡೆಯುತ್ತಿರಲಿಲ್ಲ. “ಹೂಂ ಅನ್ನೋದು ಉತ್ತರಲ್ಲ. ಅರ್ಧಾ ಮಲಗಿದಾವ್ರೂ ಹೂಂ ಅಂತಾರ.” ನನ್ನ ಮಗಳು ಬೇಕೆಂದೇ, “ಡಾಕ್ಟರಜ್ಜಿ, ಐ ಏಟ್ ಅ ಡ್ರ್ಯಾಗನ್!” ಎನ್ನುವಳು. “ಉಪ್ಪು ಸರಿ ಇತ್ತೇನು?” ಎಂದು ಇವರು.

ಒಮ್ಮೆ ಒಂದು ಕೋಟೆಯ ಕಡೆಯ ಕಾಳಗ. ವಾರಗಟ್ಟಲೆ ಆಡಿ ತಲುಪಿದ್ದು. ಇನ್ನೊಂದೇ ಏಟು ಎನ್ನುವಾಗ ಡ್ರೈವರನ ಯೋಧ ಅಲ್ಲಾಡದೆ ನಿಂತ. ಡಾಕ್ಟರಮ್ಮ ಎಲ್ಲ ಬಿಟ್ಟು ಅವನ ಹೆಸರು ಹಿಡಿದು ಕೂಗುತ್ತಾ ಅವನ ಪಕ್ಕವೇ ನಿಂತುಬಿಟ್ಟರು. ನಾವು ಸತ್ತೆವು. ಕೋಟೆ ಹೋಯಿತು. ಸ್ವಲ್ಪ ಹೊತ್ತಿನ ಮೇಲೆ ಅವನ ದನಿ: “ಸಾರಿ ಮಾತಾಜಿ, ಪರಾಠಾ ತವಾ ಮೇಲೆ ಸುಡ್ತಾ ಇತ್ತು,” ಎಂದು ಹಿಂದಿಯಲ್ಲಿ. ನಾನು ಸಿಟ್ಟಿನಿಂದ ಕಂಟ್ರೋಲರ್ ಸೋಫಾಕ್ಕೆ ಎಸೆದೆ. ಅವರು ಮಾತ್ರ ನಿರಾಳವಾಗಿ, “ಪರಾಠಾನೇ ಆಗ್ಲಿ ತಗೋ. ಎಲ್ಲಿ ಹೋದಾ ಅಂತ ಗೊತ್ತಾತಲ್ಲ,” ಎಂದರು. ಮುದುಕಿಯ ಅತಿ ಎಂದು ಅವತ್ತು ನಕ್ಕಿದ್ದೆವು.

ಈಗ ಆ ದಿನಕ್ಕೆ ಬರುತ್ತೇನೆ. ಹಿಂದಿನ ರಾತ್ರಿಯಿಂದಲೇ ಬಿರುಗಾಳಿ, ಹಿಮ. ಶಾಲಾ ಬಸ್ಸು ರದ್ದು. ನನ್ನ ಹೆಂಡತಿ ನ್ಯೂಮಾರ್ಕೆಟ್ಟಿನ ಆಸ್ಪತ್ರೆಯಲ್ಲಿ ನರ್ಸ್. ಶಿಫ್ಟು ಮುಗಿದರೂ ಮನೆಗೆ ಬರಲಾಗದೆ ಅಲ್ಲೇ ಉಳಿದಿದ್ದಳು. ನಾನೂ ಮಗಳೂ ಬೇಸ್‌ಮೆಂಟಿನಲ್ಲಿ ಒಂದೇ ಕಂಬಳಿ ಹೊದ್ದು ಆಟಕ್ಕೆ ಕೂತಿದ್ದೆವು. ಟೀವಿಯ ಹಿಂದಿನ ಗೋಡೆಗೆ ಆನಿಸಿದಂತೆ, ಗ್ಯಾಸಿನಿಂದ ಉರಿದು ಮನೆಯನ್ನೆಲ್ಲ ಬಿಸಿಯಾಗಿಡುವ ಫರ್ನೇಸಿನ ಕೋಣೆ. ಮನೆಯಲ್ಲೆಲ್ಲ ಬೆಚ್ಚಗಿರುವ ಜಾಗ ಅದು. ಇಲ್ಲಿನ ಚಳಿಗೆ ದೋಸೆ ಹಿಟ್ಟು ಹುಳಿ ಬರುವುದಿಲ್ಲವೆಂದು ನಮ್ಮವರೆಲ್ಲ ಹಿಟ್ಟಿನ ಪಾತ್ರೆಯನ್ನು ಅಲ್ಲೇ ಇಡುತ್ತಾರೆ. ನಮ್ಮ ಮನೆಯಲ್ಲಿ ಗ್ರೈಂಡರೂ ಅಲ್ಲೇ. ಅಲ್ಲಿದ್ದದ್ದು ಒಂದೇ ಪ್ಲಗ್ಗು. ಅದರಲ್ಲಿ ಚುಚ್ಚಿದ್ದ, ವಿಷಾನಿಲ ತುಂಬಿದರೆ ಕೂಗುವ ಕಾರ್ಬನ್ ಮಾನಾಕ್ಸೈಡ್ ಅಲಾರಮ್ಮನ್ನು ಕಿತ್ತು ಗ್ರೈಂಡರ್ ಹಾಕುವುದು, ರುಬ್ಬಿದ ಮೇಲೆ ಮತ್ತೆ ಚುಚ್ಚುವುದು. ಆ ಸಲ ಮತ್ತೆ ಚುಚ್ಚಿರಲಿಲ್ಲ. ಹೊರಗೆ, ಫರ್ನೇಸಿನ ಹೊಗೆ ಹೋಗುವ ಕೊಳವೆಯ ಬಾಯಿಗೆ ಗಾಳಿ ಹಿಮವನ್ನು ತಂದು ಗುಡ್ಡೆ ಹಾಕಿತ್ತು. ಹೊರಗೆ ಹೋಗಬೇಕಾದ ಆ ವಿಷಾನಿಲ ಒಳಗೇ ಸುತ್ತತೊಡಗಿತ್ತು. ವಾಸನೆಯಿಲ್ಲ, ಬಣ್ಣವಿಲ್ಲ. ಇದೆಲ್ಲ ಆಮೇಲೆ ತಿಳಿದದ್ದು.

“ತಮ್ಮಾ, ಬಾಗಿಲಾ ಎಡಕ್ಕ ಅದ,” ಎಂದರು ಡಾಕ್ಟರಮ್ಮ.

“ಹೌದಲ್ವಾ,” ಎಂದು ನಕ್ಕೆ. ಬಿಲ್ಲುಗಾರ ಮತ್ತೆ ಗೋಡೆಗೇ ಹೋದ.

“ಅವ್ವೀ, ಯಾಕ ಕುಪ್ಪಳಿಸವಲ್ಲಿ?”

ಕೇಳಿದ್ದು ನನ್ನ ಮಗಳನ್ನು. ಅವಳ ಕಳ್ಳಿ ಮೆಟ್ಟಿಲ ಬುಡದಲ್ಲಿ ಸುಮ್ಮನೆ ನಿಂತಿದ್ದಳು. ಬಾಗಿಲ ಬಳಿ ಬಂದೆವು. ಪ್ರಶ್ನೆ ಬಂತು.

“ಮುಂಜಾನೆ ಏನ್ ತಿಂದ್ರಿ?”

“ದೋಸೆ,” ಎಂದೆ.

“ಮೊದಲನೇ ಬಾಗಿಲದಾಗ ಹಿಟ್ಟು ಹುಳಿ ಬಂದಿಲ್ಲ, ಬ್ರೆಡ್ ತಿಂದೀವಿ ಅಂದಿದ್ದಿ.”

“ಹೂಂ.”

“ತಲಿ ನೋಯ್ತದೇನು?”

“ಸ್ವಲ್ಪ. ಸ್ಕ್ರೀನ್ ನೋಡಿ ನೋಡಿ.”

“ಅವ್ವಿಗೆ?”

“ಡಾಕ್ಟರಜ್ಜಿ, ಐ ವಾಂಟ್ ಟು ಸ್ಲೀಪ್,” ಎಂದಳು ಮಗಳು. ಬೆಳಿಗ್ಗೆ ಹತ್ತು ಗಂಟೆಯವರೆಗೆ ಮಲಗಿ ಎದ್ದಿದ್ದ ಮಗಳು.

ಡಾಕ್ಟರಮ್ಮನ ದನಿ ಬದಲಾಯಿತು. ಏರಲಿಲ್ಲ, ಇನ್ನೂ ತಗ್ಗಿತು. “ತಮ್ಮಾ, ಆಟಾ ಬಿಡು. ಮಗೀನ್ನ ಎತ್ಕೊಂಡು ಹೊರಗ ಬಾ. ಈಗಿಂದೀಗ.”

ಅದಕ್ಕೆ ನಾನು ಹೇಳಿದ ಮಾತು ಇಂದಿಗೂ ಕಿವಿಯಲ್ಲಿ ಮೊರೆಯುತ್ತದೆ. “ಇರಿ ಡಾಕ್ಟ್ರಮ್ಮ, ಈ ಬಾಗಿಲು ದಾಟಿದ್ರೆ ಆಟ ಸೇವ್ ಆಗತ್ತೆ.”

ಅವರು ವಾದಿಸಲಿಲ್ಲ. ಮಂಕು ಕವಿದ ತಲೆಗೆ ಕಾರಣ ಹೇಳಿ ಪ್ರಯೋಜನವಿಲ್ಲವೆಂದು ಅವರಿಗೆ ಗೊತ್ತಿತ್ತು. ಒಂದೊಂದೇ ಕೆಲಸ ಹೇಳಿದರು. “ಕೈಯಾಗಿಂದು ಕೆಳಗಿಡು. ಇಟ್ಟ್ಯಾ? ಏಳು. ಮಗೀನ್ನ ಹೆಗಲ ಮ್ಯಾಲೆ ಹಾಕ್ಕೋ. ಈಗ ಮೆಟ್ಟಲಾ.” ಆಮೇಲೆ ಅದೇ ಉಸಿರಿನಲ್ಲಿ, ಆಟದಲ್ಲಿ ಜೊತೆಗಿದ್ದ ಡ್ರೈವರನಿಗೆ ಹಿಂದಿಯಲ್ಲಿ ನಮ್ಮ ವಿಳಾಸ ಹೇಳಿ, “ಭಾಯಿ, ನೈನ್ ಒನ್ ಒನ್ ಮಾಡು. ಗ್ಯಾಸ್ ಅಂತ ಹೇಳು. ನಾ ಹೊಂಟೆ,” ಎಂದರು. ಮುಂದೆ ಅವರ ದನಿ ಕೇಳಿಸಲಿಲ್ಲ.

ಮೆಟ್ಟಿಲ ಅರ್ಧದಲ್ಲಿ ನಾನು ಕೂತುಬಿಟ್ಟೆ. ಸುಸ್ತಲ್ಲ, ಕೂರುವುದೇ ಸರಿ ಅನಿಸಿತು, ಅಷ್ಟೇ. ಮಗಳ ತಲೆ ನನ್ನ ಭುಜದ ಮೇಲೆ ಒದ್ದೆ ಬಟ್ಟೆಯ ಹಾಗೆ ಭಾರವಾಗಿತ್ತು. ಹೆದರಿಕೆಯೇ ಇರಲಿಲ್ಲ. ಈಗ ನೆನೆದರೆ ನಡುಗಿಸುವುದು ಅದೇ.

ನಾವು ಊರಿಗೆ ಹೋದಾಗ ಗಿಡಕ್ಕೆ ನೀರು ಹಾಕಲೆಂದು ಅವರಿಗೆ ಕೊಟ್ಟಿದ್ದ ಬೀಗದ ಕೈಯಿಂದ ಬಾಗಿಲು ತೆರೆಯಿತು. ಗಾಳಿ ಒಳಗೆ ನುಗ್ಗಿತು. ಎಪ್ಪತ್ತಾರರ ಆ ಜೀವ ಮೊಣಕಾಲುದ್ದದ ಹಿಮದಲ್ಲಿ ಮನೆಯೊಳಗಿನ ಚಪ್ಪಲಿಯಲ್ಲೇ ಬಂದಿತ್ತು. ಒಂದು ಚಪ್ಪಲಿ ದಾರಿಯಲ್ಲೇ ಕಳಚಿತ್ತು. ಆ ಶುಂಠಿಬೆರಳುಗಳು ಮಗಳ ಕಂಕುಳಲ್ಲಿ ತೂರಿ ಅವಳನ್ನು ನನ್ನಿಂದ ಕಿತ್ತುಕೊಂಡವು. “ನೀ ಅಂಬೆಗಾಲಿಟ್ಟಾದ್ರೂ ಬಾ! ನಿನ್ನ ಎತ್ತಾಕ ನನಗಾಗೂದಿಲ್ಲ!” ಅವರು ಗದರಿಸಿದ್ದು ಅದೊಂದೇ ಸಲ. ಅಂಬೆಗಾಲಿಟ್ಟೇ ಬಂದೆ. ಹೊರಗೆ ಜಗುಲಿಯ ಹಿಮದಲ್ಲಿ ಅವರು ಮಗಳನ್ನು ಮಲಗಿಸಿ, ಬಾಗಿದ ಹೆಬ್ಬೆರಳನ್ನು ಅವಳ ದವಡೆಗೆ ಒತ್ತಿ ಮುಖ ಮೇಲಕ್ಕೆತ್ತಿ ಹಿಡಿದಿದ್ದರು. ಆ ಹೆಬ್ಬೆರಳು ಹಾಗೇಕೆ ಬಾಗಿದೆ ಎಂದು ಕೇಳಿ ತಿಳಿದಿದ್ದೆ. ಅವತ್ತು ಕಂಡೆ. ಮಗಳ ದವಡೆಯ ತಿರುವಿಗೆ ಅದು ಅಳತೆ ತೆಗೆದ ಹಾಗೆ ಕೂತಿತ್ತು.

ಅಗ್ನಿಶಾಮಕದವರು ಬಂದರು. ಮೀಟರ್ ಹಿಡಿದು ಬೇಸ್‌ಮೆಂಟಿಗೆ ಇಳಿದವನು ಬೇಗನೆ ಮೇಲೆ ಬಂದು, ಮಗಳನ್ನೇ ನೋಡುತ್ತ ನಿಂತ. ಆಂಬುಲೆನ್ಸಿನಲ್ಲಿ ಆಮ್ಲಜನಕ ಹಾಕಿದ ಸ್ವಲ್ಪ ಹೊತ್ತಿಗೆ ಮಗಳು ಕಣ್ಣು ತೆರೆದಳು. ಡಾಕ್ಟರಮ್ಮ ಪಕ್ಕದಲ್ಲಿದ್ದರು, ಕಾಲಿಗೆ ಯಾರೋ ಕಂಬಳಿ ಸುತ್ತಿದ್ದರು.

“ಅವ್ವೀ, ಮುಂಜಾನೆ ಏನ್ ತಿಂದಿ?”

ಮಾಸ್ಕಿನೊಳಗಿಂದ ಮಗಳು ಬಹಳ ಹೊತ್ತು ಯೋಚಿಸಿ ಹೇಳಿದಳು: “ಬ್ರೆಡ್.”

ಅವರು ಮುಖ ಆಚೆ ತಿರುಗಿಸಿಕೊಂಡರು.

ಅವರ ಕಾಲಿನ ಎರಡು ಬೆರಳು ಹಿಮಕ್ಕೆ ಸತ್ತು ಕಪ್ಪಾದವು. ನೋಡಲು ಹೋದ ನನ್ನ ಹೆಂಡತಿ ಕಾಲು ಹಿಡಿದು ಅತ್ತಾಗ, “ಬಿಡ ನಮ್ಮವ್ವಾ, ಆಟಾ ಆಡ್ಲಿಕ್ಕೆ ಕೈಬೆರಳು ಸಾಕು,” ಎಂದರಂತೆ.

ಮನೆಗೆ ಮರಳಿದ ಮೇಲೆ ನನ್ನ ನಿದ್ರೆಯೇ ಹಾರಿಹೋಯಿತು. ಫರ್ನೇಸ್ ಸರಿಯಾಯಿತು, ಕೋಣೆಗೊಂದು ಅಲಾರಂ ಬಂತು, ಗ್ರೈಂಡರ್ ಮೇಲಿನ ಅಡುಗೆಮನೆಗೆ, ಟೀವಿ ನಡುಮನೆಗೆ ಏರಿದವು. ಆದರೂ ಕಣ್ಣು ಮುಚ್ಚಿದರೆ ಬಿಲ್ಲುಗಾರ ಗೋಡೆಗೆ ಹೋಗುತ್ತಾನೆ, ನಾನು ‘ಸೇವ್ ಆಗತ್ತೆ’ ಎನ್ನುತ್ತೇನೆ. ಎದ್ದು ಹೋಗಿ ಮಗಳ ಮೂಗಿನ ಬಳಿ ಕೈ ಹಿಡಿಯುತ್ತೇನೆ. ಫೆಬ್ರವರಿ ಹೀಗೇ ಕಳೆಯಿತು. ಹೆಂಡತಿ ಡಾಕ್ಟರಮ್ಮನಿಗೆ ಹೇಳಿಬಿಟ್ಟಳೆಂದು ಕಾಣುತ್ತದೆ.

ಮಾರ್ಚ್ ತಿಂಗಳ ಒಂದು ಶನಿವಾರ, ಇನ್ನೂ ದೀಪ ಹಚ್ಚುವ ಹೊತ್ತು, ಅವರು ಕೋಲೂರಿಕೊಂಡು ಬಂದರು. ಕಂಕುಳಲ್ಲಿ ದಿಂಬು, ಕೈಯಲ್ಲಿ ತಮ್ಮದೇ ಕಂಟ್ರೋಲರ್. ಮಗಳ ಕೋಣೆಯೂ ನಮ್ಮ ಕೋಣೆಯೂ ಎರಡೂ ಕಾಣುವಂತೆ ನಡುಮನೆಯಲ್ಲಿ ಕುರ್ಚಿ ಎಳೆದು ಕೂತರು.

“ಊಟಾ ಮಾಡಿ ಮಲಕ್ಕೋ. ನಾ ನೋಡ್ತೀನಿ.”

“ಡಾಕ್ಟ್ರಮ್ಮ, ಈ ವಯಸ್ಸಲ್ಲಿ ನೀವು ನಿದ್ದೆಗೆಟ್ಟು—”

“ಮಂದೀನ್ನ ಮಲಗಿಸಿ ಕಾಯೋದ ನನ್ನ ಕಸಬು. ನನ್ನ ಮುಂದ ಮಲಗಿದಾವ್ರು ಎದ್ದಾರ. ನೀ ಏನ್ ದೊಡ್ಡ ಮನಶ್ಯಾ?”

ನಾನು ಮಲಗಿದೆ. ತೆರೆದ ಬಾಗಿಲಿನಾಚೆ ಟೀವಿಯ ನೀಲಿ ಬೆಳಕು, ಬಿಳಿಯ ಕೂದಲು. ದನಿ ತಗ್ಗಿಸಿ ಅವರು ಕೇಳಿದರು: “ಮುಂಜಾನೆ ಏನ್ ತಿಂದಿ?” ಅವತ್ತು ನಿಜಕ್ಕೂ ದೋಸೆಯೇ ತಿಂದಿದ್ದೆ. ಹೇಳಲೆಂದು ಬಾಯಿ ತೆರೆದದ್ದಷ್ಟೇ ನೆನಪಿದೆ.

ಕಣ್ಣು ಬಿಟ್ಟಾಗ ಬಿಸಿಲು ಹಾಸಿಗೆಯ ಮೇಲೆ ಬಿದ್ದಿತ್ತು. ನಡುಮನೆಯಲ್ಲಿ ಡಾಕ್ಟರಮ್ಮ ಅದೇ ಕುರ್ಚಿಯಲ್ಲಿ ಅದೇ ಭಂಗಿಯಲ್ಲಿ ಕೂತಿದ್ದರು. ಅವರ ಕಾಲ ಬಳಿ ಮಗಳು. ಪರದೆಯ ಮೇಲೆ ನನ್ನ ಬಿಲ್ಲುಗಾರ, ನರಿಬಾಲದ ಕಳ್ಳಿ, ಕತ್ತಿಯ ಯೋಧ ಮೂವರೂ ಅವತ್ತು ದಾಟದೆ ಬಿಟ್ಟ ಬಾಗಿಲ ಎದುರೇ ನಿಂತಿದ್ದರು, ಹಿಂದೆ ವೈದ್ಯೆ. ಅಷ್ಟು ದಿನ ಅವರು ನಮ್ಮನ್ನು ಬಿಟ್ಟು ಒಂದು ಹೆಜ್ಜೆ ಮುಂದೆ ಹೋಗಿರಲಿಲ್ಲ.

“ಬಂದ್ಯಾ?” ಎಂದರು, ನನ್ನ ಕಡೆ ತಿರುಗದೆ. ರಾತ್ರಿಯ ಪ್ರಶ್ನೆಗೆ “ದೋಸೆ,” ಎಂದೆ.