ಛುಟ್ಟಿ ಎಂಬ ಮಾತಿನ ಬೆನ್ನು ಹತ್ತಿ ಮುಡಬಿಗೆ

ಮಂಗಳವಾರ ಸಂಜೆ ಡೆರೆಕ್ ಸರ್ ಆಡಿದ ಒಂದು ಮಾತಿನ ದೆಸೆಯಿಂದ ಗುರುವಾರ ರಾತ್ರಿ ನಾವಿಬ್ಬರೂ ಬೆಂಗಳೂರು ಬಿಟ್ಟು ಕಲಬುರಗಿಯ ರೈಲು ಹತ್ತಬೇಕಾಯಿತು. ಡೆರೆಕ್ ಸರ್ ಇಂಗ್ಲೆಂಡಿನವರು. ಅಲ್ಲಿ ಹದಿನೈದು ವರ್ಷ ಸಂಬಳಕ್ಕೆ ಫುಟ್‌ಬಾಲ್ ಆಡಿ, ಆಮೇಲೆ ತಂಡಗಳನ್ನು ನಡೆಸುವ ಮ್ಯಾನೇಜರ್ ಆಗಿ, ಈಗ ಬೆಂಗಳೂರಿನ ನಮ್ಮ ಹೆಣ್ಣುಮಕ್ಕಳ ತಂಡಕ್ಕೆ ಬಂದು ಸೇರಿದ್ದಾರೆ. ನಾನು ಆ ತಂಡದ ಫಿಸಿಯೋ. ಹಿಡಿದುಕೊಂಡ ಕಾಲು, ಉಳುಕಿದ ಪಾದ ನೋಡಿಕೊಳ್ಳುವುದು ನನ್ನ ಕೆಲಸ. ಗದಗಿನವಳಾದ್ದರಿಂದ ಉತ್ತರ ಕರ್ನಾಟಕದ ಹುಡುಗಿಯರ ಮಾತನ್ನು ಸರ್‌ಗೆ ಇಂಗ್ಲಿಷಿನಲ್ಲಿ ಹೇಳುವುದು ಸಂಬಳವಿಲ್ಲದ ಇನ್ನೊಂದು ಕೆಲಸ.

ನಡೆದದ್ದು ಇಷ್ಟು. ನಮ್ಮ ಡಿಫೆಂಡರ್ ಮಾದೇವಿಗೆ ಎಡತೊಡೆ ಹಿಡಿದುಕೊಂಡಿತ್ತು, ಎರಡು ದಿನ ಬಿಡುವು ಬೇಕಿತ್ತು. ಸರ್‌ಗೆ ಹಿಂದಿ ಕಲಿಯುವ ಹುಚ್ಚು. ನಾನು ಬರುವುದನ್ನೂ ಕಾಯದೆ ತಾವೇ ಅವಳ ಹೆಗಲ ಮೇಲೆ ಕೈಯಿಟ್ಟು, "ತುಮ್ಹಾರಿ ಛುಟ್ಟಿ. ಘರ್ ಜಾವ್" ಎಂದುಬಿಟ್ಟರು. ಅವರ ಲೆಕ್ಕದಲ್ಲಿ, ನಿನಗೆ ಬಿಡುವು, ಕೋಣೆಗೆ ಹೋಗಿ ಮಲಗು. ಆದರೆ ಮಾದೇವಿ ಬೀದರ್ ಜಿಲ್ಲೆಯ ಮುಡಬಿಯ ಹುಡುಗಿ. ಅವರ ಕಡೆ ಶಾಲೆಗೆ ಸಿಗುವ ರಜೆ ಎಂದರೆ ಸೂಟಿ; ಯಜಮಾನ ಮುಖ ಗಂಟಿಕ್ಕಿಕೊಂಡು "ನಿನ್ನ ಛುಟ್ಟಿ, ಮನೀಗಿ ಹೋಗು" ಎಂದರೆ ಕೆಲಸದಿಂದ ಕಿತ್ತುಹಾಕಿದ ಎಂದೇ ಅರ್ಥ. ನಮ್ಮ ಸರ್ ಮುಖವೋ, ನಗುವಾಗಲೂ ಗಂಟಿಕ್ಕಿದ ಹಾಗೇ ಇರುತ್ತದೆ! ಹುಡುಗಿ ಯಾರಿಗೂ ಹೇಳದೆ ಚೀಲ ಕಟ್ಟಿಕೊಂಡು ಊರಿಗೆ ಹೋಗಿಬಿಟ್ಟಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುವುದನ್ನು ಹಿರಿಯರು ಸುಮ್ಮನೆ ಹೇಳಿಲ್ಲ. ಅವಳ ಫೋನು ಬಂದ್ ಆಗಿತ್ತು. ಅವಳಪ್ಪ ತನ್ನ ಫೋನನ್ನು ಒಮ್ಮೆ ಎತ್ತಿಕೊಂಡು "ಅಕಿ ಮಾತಾಡಂಗಿಲ್ರಿ" ಎಂದು ಇಟ್ಟುಬಿಟ್ಟ. ಭಾನುವಾರ ಲೀಗಿನ ಕೊನೆಯ ಪಂದ್ಯ. ಛುಟ್ಟಿಯ ಅರ್ಥವನ್ನು ನಾನು ಬಿಡಿಸಿ ಹೇಳಿದಾಗ ಸರ್ ಮುಖ ಬಿಳಿಚಿಕೊಂಡಿತು. "ನಾನೇ ಹೋಗಬೇಕು. ಇದು ಫೋನಿನಲ್ಲಿ ಹೇಳುವ ಮಾತಲ್ಲ" ಎಂದರು. ನನಗೋ ಒಳಗೊಳಗೇ ಸಿಟ್ಟು. ಹಬ್ಬದ ಹಿಂದಿನ ದಿನ ಟಿಕೆಟ್ ಹುಡುಕುವವಳು ನಾನು ತಾನೇ?

ಶುಕ್ರವಾರ ಬೆಳಿಗ್ಗೆ ಕಲಬುರಗಿಯಲ್ಲಿ ಇಳಿದಾಗ ಚಳಿಗೆ ಹಲ್ಲು ಕಟಕಟ ಎನ್ನುತ್ತಿದ್ದವು. ಹುಮನಾಬಾದಿನ ಬಸ್ಸಿಗೆ ನನ್ನದು ಆಧಾರ್ ತೋರಿಸಿ ಸೊನ್ನೆ ರೂಪಾಯಿಯ ಟಿಕೆಟ್, ಸರ್‌ದು ಪೂರ್ತಿ ದರ. ಯಾಕೆ ಹೀಗೆ ಎಂದು ಕೇಳಿದರು. ನಮ್ಮಲ್ಲಿ ಹೆಂಗಸರಿಗೆ ಪುಕ್ಕಟೆ ಎಂದೆ. "ಇದು ಸರಿಯಾದ ದೇಶ" ಎಂದು ತಲೆಯಾಡಿಸಿದರು. ಕಮಲಾಪುರದಲ್ಲಿ ಕಿಟಕಿಗೆ ಕೆಂಪು ಬಾಳೆಹಣ್ಣು ಬಂದವು. ಸರ್ ಮೂರು ಹಣ್ಣು ತಿಂದು, ಅರವತ್ತು ವರ್ಷ ತಾನು ಹಳದಿ ಹಣ್ಣು ತಿಂದು ಮೋಸಹೋದೆ ಎಂದರು.

ಪಕ್ಕದ ಸೀಟಿನಲ್ಲಿ ಘಾಟಬೋರಾಳದ ಒಬ್ಬ ಯಜಮಾನರು ಕೂತಿದ್ದರು. ಬಹಳ ಹೊತ್ತು ಸರ್ ಅವರನ್ನೇ ನೋಡಿ, "ಇವರು ಯಾರ್ರಿ ಅಕ್ಕಾರ?" ಎಂದು ಕೇಳಿದರು. ಇಂಗ್ಲೆಂಡಿನವರು, ಮ್ಯಾನೇಜರ್ ಎಂದೆ.

"ಯಾವ ಬ್ಯಾಂಕಿಂದ್ರಿ?"

"ಬ್ಯಾಂಕಲ್ರೀ. ಫುಟ್‌ಬಾಲಿನ ಮ್ಯಾನೇಜರ್."

"ಅದಕ್ಕೂ ಮ್ಯಾನೇಜರ್ ಇರ್ತಾರ? ಹನ್ನೊಂದ ಮಂದಿ, ಒಂದ ಚೆಂಡು. ಏನ್ ಮ್ಯಾನೇಜ್ ಮಾಡ್ತಾರ್ರಿ?"

ನಾನು ಇದನ್ನು ಇಂಗ್ಲಿಷಿಗೆ ತಿರುಗಿಸಿದೆ. ಸರ್ ಹೊಟ್ಟೆ ಹಿಡಿದುಕೊಂಡು ನಕ್ಕರು. "ಇದೇ ಪ್ರಶ್ನೆ ಕೇಳಿ ನಾಲ್ಕು ಕ್ಲಬ್ಬುಗಳು ನನ್ನನ್ನು ಹೊರಗೆ ಹಾಕಿವೆ" ಎಂದರು. ಮುಂದಿನ ದಾರಿಯುದ್ದಕ್ಕೂ ಅವರ ಕಥೆಯೇ ಆಯಿತು. ಹುಟ್ಟಿದ್ದು ಕಲ್ಲಿದ್ದಲಿನ ಗಣಿಯ ಊರಿನಲ್ಲಿ. ಹದಿನಾರಕ್ಕೆ ಕ್ಲಬ್ ಸೇರಿ, ಮೊದಲ ವರ್ಷ ಹಿರಿಯರ ಬೂಟು ಒರೆಸಿದ್ದೇ ಒರೆಸಿದ್ದು. ಆಮೇಲೆ ಮೂರನೆಯ, ನಾಲ್ಕನೆಯ ದರ್ಜೆಯ ತಂಡಗಳಲ್ಲಿ ಮಾದೇವಿ ಆಡುವ ಜಾಗದಲ್ಲೇ ಆಡಿದರು. ಒಮ್ಮೆ ದೊಡ್ಡ ತಂಡವೊಂದರ ಎದುರು ಐದು ಗೋಲಿನಿಂದ ಸೋತರು. ಆ ಪಂದ್ಯದ ಫೋಟೋ ಅವರ ತಾಯಿ ಸಾಯುವತನಕ ಗೋಡೆಯ ಮೇಲಿತ್ತಂತೆ. ಮೊಣಕಾಲು ಕೈಕೊಟ್ಟ ಮೇಲೆ ಮ್ಯಾನೇಜರ್ ಆದರು. ಮೊದಲ ತಂಡವನ್ನು ಒಂದು ದರ್ಜೆ ಮೇಲಕ್ಕೆ ಒಯ್ದಾಗ ಜನ ಹೆಗಲ ಮೇಲೆ ಹೊತ್ತು ಕುಣಿದರು. ಮರುವರ್ಷ ಪೆಟ್ರೋಲ್ ಪಂಪಿನಲ್ಲಿ ನಿಂತಾಗ ಕಾರಿನ ರೇಡಿಯೋ ಹೇಳಿತು, ಇವರನ್ನು ತೆಗೆದುಹಾಕಿದ್ದಾರೆ ಎಂದು. ಇನ್ನೊಂದು ಕ್ಲಬ್ಬಿನಲ್ಲಿ ಬೆಳಿಗ್ಗೆ ಹೋದರೆ ಗೇಟಿನ ಬೀಗವೇ ಬೇರೆ! ಇದನ್ನೆಲ್ಲ ಅವರು ನಗುನಗುತ್ತಲೇ ಹೇಳಿದರು. ಕೇಳುತ್ತ ಕೇಳುತ್ತ ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ.

ಹುಮನಾಬಾದಿನ ಬಸ್ ನಿಲ್ದಾಣದಲ್ಲಿ ಸುಸಲಾ, ಮೇಲೆ ಎರಡು ಮಿರ್ಚಿ, ಚಹಾ. ಸುಸಲಾ ಎಂದರೆ ನೆನೆಸಿದ ಚುರಮುರಿಗೆ ಕೊಟ್ಟ ಒಗ್ಗರಣೆ. ನಮ್ಮ ಗದಗಿನಲ್ಲೂ ಮಾಡುತ್ತೇವೆ, ಆದರೆ ಇಲ್ಲಿಯ ಖಾರಕ್ಕೆ ನಮ್ಮದು ಸಾಟಿಯಲ್ಲ. ಸರ್ ಮೂಗಿನಿಂದ ನೀರಿಳಿಯಿತು. ಪಂದ್ಯದ ಹಿಂದಿನ ದಿನ ಹುಡುಗಿಯರಿಗೆ ಎಣ್ಣೆಯ ತಿಂಡಿ ಕೊಡಬಾರದು ಎಂದು ಭಾಷಣ ಮಾಡುವ ಮನುಷ್ಯ ಮೂರನೆಯ ಮಿರ್ಚಿಗೆ ಕೈ ಚಾಚಿದ್ದನ್ನು ನಾನು ಕಣ್ಣಾರೆ ಕಂಡೆ.

ಅಲ್ಲಿಂದ ಬಸವಕಲ್ಯಾಣಕ್ಕೆ ಬಸ್ಸಿನಲ್ಲಿ ತಾಸಿನ ದಾರಿ. ಹೆದ್ದಾರಿಯಲ್ಲಿ ಲಾರಿಗಳು, ಆಚೀಚೆ ಕಬ್ಬು, ತೊಗರಿ. ಕಲ್ಯಾಣದಲ್ಲಿ ಇಳಿದು ನೋಡಿದರೆ ಪೇಟೆ ಖಾಲಿ. ಮುಡಬಿಗೆ ಹೋಗುವ ಟಂಟಂ ಆಟೋದ ಚಾಲಕ ನಮ್ಮನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಇವತ್ತ ಎಳ್ಳ ಅಮಾಸಿ ಅಲ್ರೀ! ಮಂದಿ ಎಲ್ಲಾ ಹೊಲದಾಗ ಅದಾರ. ಊರಾಗ ನಾಯಿ ಸುದ್ದಾ ಸಿಗಂಗಿಲ್ಲ" ಎಂದ. ಆದರೂ ಕೂರಿಸಿಕೊಂಡ.

ಅವನು ಹೇಳಿದ್ದು ಖರೆ. ಮುಡಬಿಯಲ್ಲಿ ಮನೆಮನೆಗೂ ಬೀಗ. ಎಳ್ಳ ಅಮಾವಾಸ್ಯೆಯ ದಿನ ಈ ಸೀಮೆಯವರು ಅಡಿಗೆ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಬೆಳೆಗೆ ಚರಗ, ಅಂದರೆ ನೈವೇದ್ಯದ ಅಡಿಗೆ, ಚೆಲ್ಲಿ, ಅಲ್ಲಿಯೇ ಉಂಡು ಸಂಜೆಗೆ ಮರಳುತ್ತಾರೆ. ಮಾದೇವಿಯ ಅಪ್ಪ ಬೀರಪ್ಪ ಕುರಿಯೂ ಸಾಕುತ್ತಾನೆ, ಹೊಲವೂ ಮಾಡುತ್ತಾನೆ. ಅವನ ಹೊಲ ಹಳ್ಳದ ಆಚೆ ಎಂದಷ್ಟೇ ಆಟೋದವನಿಗೆ ಗೊತ್ತು. ನಾವು ಬದುವಿನ ಮೇಲೆ ನಡೆಯತೊಡಗಿದೆವು.

ಮೊದಲ ಹೊಲದಲ್ಲೇ ಕೈಬೀಸಿ ಕರೆದರು. "ಬರ್ರಿ, ಉಣ್ಣಾಕ ಬರ್ರಿ!" ಬೀರಪ್ಪನ ಹೊಲ ಎಲ್ಲಿ ಎಂದು ಕೇಳಿದರೆ, "ಹೇಳ್ತೀವಿ, ಮೊದಲ ಕುಂದರ್ರಿ" ಎಂದರು. ಇವತ್ತು ಹೊಲದಿಂದ ಯಾರೂ ಉಪವಾಸ ಹೋಗಬಾರದಂತೆ. ಸಜ್ಜೆಯ ರೊಟ್ಟಿ, ಭಜ್ಜಿ, ಮಡಕೆಯಲ್ಲಿ ತಣ್ಣನೆಯ ಅಂಬಲಿ. ಈ ಭಜ್ಜಿ ನೀವು ಅಂದುಕೊಂಡಂತೆ ಕರಿದ ಬಜ್ಜಿ ಅಲ್ಲ. ಹಸಿ ತೊಗರಿ, ಕಡಲೆ, ಅವರೆ, ಹತ್ತಾರು ಸೊಪ್ಪು ಎಲ್ಲವನ್ನೂ ಮಜ್ಜಿಗೆ, ಹಿಟ್ಟು ಹಾಕಿ ಕುದಿಸಿದ್ದು. ಎರಡನೆಯ ಹೊಲದಲ್ಲೂ ಅದೇ ಕರೆ, ಅದೇ ಭಜ್ಜಿ. ಮೂರನೆಯದರಲ್ಲಿ ಸರ್ ಬೆಲ್ಟು ಸಡಿಲಿಸಿದರು. ನಾಲ್ಕನೆಯದರಲ್ಲಿ ನನ್ನ ಕಿವಿಯಲ್ಲಿ, "ಬೇಡ ಅನ್ನುವುದಕ್ಕೆ ಕನ್ನಡದಲ್ಲಿ ಏನು?" ಎಂದು ಕೇಳಿದರು. ಇವತ್ತಿನ ದಿನ ಆ ಶಬ್ದವಿಲ್ಲ ಎಂದೆ.

ಹಳ್ಳ ದಾಟುತ್ತಲೇ ಚೆಂಡಿನ ಸಪ್ಪಳ ಕೇಳಿತು. ಸೋಯಾ ತೆಗೆದ ಖಾಲಿ ಹೊಲದಲ್ಲಿ ಮಾದೇವಿ ಒಬ್ಬಳೇ ಮೇವಿನ ಬಣವೆಗೆ ಚೆಂಡು ಒದೆಯುತ್ತಿದ್ದಳು. ನಮ್ಮನ್ನು ನೋಡಿದ್ದೇ ತಡ, ಚೆಂಡು ಬಗಲಲ್ಲಿಟ್ಟುಕೊಂಡು ಬಣವೆಯ ಹಿಂದೆ ಹೋಗಿ ಕೂತಳು. ಇಷ್ಟು ದೂರ ಬಂದು ಬರಿಗೈಯಲ್ಲಿ ಹೋಗಬೇಕಾಗುತ್ತದೆಯೇ?

ಜೋಳದ ದಂಟಿನ ಗುಡಿಸಲಿನ ಮುಂದೆ, ಪಾಂಡವರೆಂದು ಸುಣ್ಣ ಹಚ್ಚಿ ಪೂಜಿಸಿದ ಐದು ಕಲ್ಲುಗಳ ಹತ್ತಿರ, ಬೀರಪ್ಪ ಎದ್ದು ನಿಂತ. ಎತ್ತರದ ಆಳು, ಹೆಗಲ ಮೇಲೆ ಕಂಬಳಿ. ನಾನು ಮಾತು ತೆಗೆಯುವಷ್ಟರಲ್ಲಿ ಕೈ ಅಡ್ಡ ಹಿಡಿದ. "ಅಕ್ಕಾರ, ಇವತ್ತ ಹೊಲಕ್ಕ ಬಂದವರಿಗಿ ಉಣಸದ ಮಾತಿಲ್ಲ. ಮೊದಲ ಉಣ್ರಿ. ಉಂಡ ಮ್ಯಾಗ ಜಗಳ ಮಾಡೂಣು." ಕಂಬಳಿ ಹಾಸಿದ. ಅವನ ಹೆಂಡತಿ ಶರಣಮ್ಮ ಬಡಿಸಿದಳು. ಅವನ ತಾಯಿಗೆ ಡೆರೆಕ್ ಎಂಬ ಹೆಸರು ನಾಲಿಗೆಗೆ ಹತ್ತಲಿಲ್ಲ. "ದೇವರಾಜ, ಇನ್ನೊಂದ ರೊಟ್ಟಿ ಹಾಕ್ಕೋ ನನ್ನಪ್ಪಾ" ಎಂದು ಒತ್ತಾಯ ಮಾಡಿದಳು. ಐದನೆಯ ಊಟ! ಶಿವನೇ, ದೇವರಾಜ ಅದನ್ನೂ ಉಂಡರು.

ಕೈ ತೊಳೆದ ಮೇಲೆ ಬೀರಪ್ಪ ಕೊಟ್ಟ ಮಾತಿಗೆ ತಪ್ಪದೆ ಜಗಳ ಶುರುಮಾಡಿದ. "ಮೂರ ವರ್ಷ ನನ್ನ ಮಗಳನ್ನ ನಿಮ್ಮ ಕಡಿ ಕಳಸೀನಿ. ಮಂದಿ ನಕ್ಕಿದ್ರು, ನಾ ಕಿವಿಗಿ ಹಾಕ್ಕೊಳ್ಳಿಲ್ಲ. ನೀವು ಒಂದ ಮಾತಿನಾಗ ಛುಟ್ಟಿ ಅಂದ್ರ ಹ್ಯಾಂಗ್ರಿ? ಮೂರ ದಿನ ಆತು, ಅಕಿ ಬರೋಬ್ಬರಿ ಉಂಡಿಲ್ಲ."

ನಾನು ಎಲ್ಲವನ್ನೂ ಬಿಡಿಸಿ ಹೇಳಿದೆ. ತೊಡೆನೋವು, ಬಿಡುವು, ಸರ್ ಕಲಿತ ಹರಕು ಹಿಂದಿ. ಬೀರಪ್ಪನ ಮೀಸೆಯಡಿ ನಗು ಮೂಡಿತು. ಆದರೆ ಬಣವೆಯ ಹಿಂದಿನಿಂದ ಮಾದೇವಿಯ ದನಿ ಬಂತು. "ಸುಳ್ಳ. ಐತವಾರದ ಮ್ಯಾಚಿಗಿ ಮಂದಿ ಕಡಿಮಿ ಬಿದ್ದದ, ಅದಕ್ಕ ಬಂದೀರಿ. ಕೇಳ್ರಿ ಅಕ್ಕಾರ, ಐತವಾರ ನನಗ ಆಡಸ್ತಾರೇನು?"

ಕೇಳಿದೆ. ಸರ್ ಎದ್ದು ಅವಳಿರುವ ಕಡೆ ಹೋಗಿ ನಿಂತರು. "ಮಾತು ಕೊಡಲಾರೆ" ಎಂದರು. "ನಿನ್ನ ಜಾಗಕ್ಕೆ ಇನ್ನೊಬ್ಬಳು ತಯಾರಿದ್ದಾಳೆ. ನಿನ್ನ ಕಾಲು ನೋಡಿ ಶನಿವಾರ ಹೇಳುತ್ತೇನೆ. ಆಡಿಸಲೆಂದು ಕರೆಯಲು ಬಂದವನಲ್ಲ ನಾನು. ನಿನ್ನನ್ನು ತೆಗೆದುಹಾಕಿಲ್ಲ ಎಂದು ಹೇಳಲು ಬಂದೆ."

ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಅಯ್ಯಾ ಪುಣ್ಯಾತ್ಮ, ಆಡಿಸ್ತೀನಿ ಅಂತ ಒಂದು ಮಾತು ಅಂದರೆ ನಿನ್ನ ಗಂಟೇನು ಹೋಗುತ್ತಿತ್ತು? ಆದರೂ ಹೇಳಿದ್ದನ್ನು ಹೇಳಿದ ಹಾಗೆಯೇ ಕನ್ನಡಕ್ಕೆ ತಂದೆ. ಆಮೇಲೆ ಮಾದೇವಿ ಈಚೆ ಬಂದಳು. ಕಣ್ಣು ಕೆಂಪಾಗಿದ್ದವು.

"ಸರ್‌ಗ ನಾಲ್ಕ ಸಲ ಛುಟ್ಟಿ ಮಾಡ್ಯಾರಂತ ಹುಡಿಗ್ಯಾರು ಹೇಳ್ತಾರ. ಆವಾಗ ಯಾರರ ಇವರ ಮನೀ ತನಕಾ ಬಂದಿದ್ರೇನ್ರಿ, ಹಿಂಗ?"

ಪ್ರಶ್ನೆಯನ್ನು ನಾನು ಇಂಗ್ಲಿಷಿನಲ್ಲಿ ಹೇಳಿದೆ; ಸರ್ ಉತ್ತರಕ್ಕೆ ಅನುವಾದ ಬೇಕಾಗಲಿಲ್ಲ. ಮೆಲ್ಲಗೆ ಅತ್ತಿತ್ತ ತಲೆಯಾಡಿಸಿದರು. ರೇಡಿಯೋ, ಬೀಗದ ಕಥೆ ಹೇಳುವಾಗ ಇದ್ದ ನಗು ಆ ಮುಖದಲ್ಲಿ ಇರಲಿಲ್ಲ.

ಮಾದೇವಿ ಚೆಂಡನ್ನು ನೆಲಕ್ಕೆ ಹಾಕಿದಳು. ಸರ್‌ಗೆ ಬಣವೆಯನ್ನು ತೋರಿಸಿ, "ಗೋಲಿಗಿ ನಿಂದರ್ರಿ" ಎಂದಳು. "ಎಡಗಾಲಿನಲ್ಲಿ ಒದೆಯಬೇಡ ಮಾದೇವಿ!" ಎಂದು ನಾನು ಕೂಗಿದೆ. ಅವಳು ಬಲಗಾಲಿನಲ್ಲಿ ಒದ್ದಳು. ಮೂರು ದಿನದ ಸಿಟ್ಟೆಲ್ಲ ಆ ಒಂದು ಒದೆತದಲ್ಲಿತ್ತು. ಸರ್ ಐದು ಊಟದ ಹೊಟ್ಟೆ ಹೊತ್ತು ಜಿಗಿದು, ಚೆಂಡು ಕೈತಪ್ಪಿ, ಎರೆಮಣ್ಣಿನಲ್ಲಿ ಧೊಪ್ಪನೆ ಬಿದ್ದರು. ಎದ್ದು ಕೂತು, ಹೆಂಟೆಗಳ ಕಡೆ ಕೈಮಾಡಿ ನೆಲ ಸರಿಯಿಲ್ಲ ಎಂದು ಸನ್ನೆ ಮಾಡಿದರು.

"ಕುಣಿಲಾರದಾಕಿ ನೆಲ ಡೊಂಕ ಅಂದಳಂತ!" ಎಂದಿತು ಅಜ್ಜಿ. ಮಾದೇವಿ ನಕ್ಕಳು. ಒಮ್ಮೆ ನಕ್ಕವಳು ನಿಲ್ಲಿಸಲೇ ಇಲ್ಲ. ಬೀರಪ್ಪ ತಾನೂ ಗೋಲಿಗೆ ನಿಂತ, ಪಕ್ಕದ ಹೊಲದವರೂ ಬಂದರು, ಸೀರೆ ಸೆರಗು ಸಿಕ್ಕಿಸಿಕೊಂಡು ಹೆಂಗಸರೂ ಒದ್ದರು. ನಾನು ಅಷ್ಟು ನಕ್ಕು ಎಷ್ಟು ದಿನವಾಗಿತ್ತೋ.

ಬರುತ್ತಾಳೋ ಇಲ್ಲವೋ ಎಂದು ಮಾದೇವಿ ಮಾತ್ರ ಬಾಯಿ ಬಿಡಲಿಲ್ಲ. ಕೇಳಲು ನನಗೂ ಧೈರ್ಯವಾಗಲಿಲ್ಲ. ಹೊತ್ತು ವಾಲಿದಾಗ ಶರಣಮ್ಮ ನನ್ನ ಹತ್ತಿರ ಬಂದು, "ಅಕ್ಕಾರ, ನಿಮ್ಮ ಹಾಸ್ಟೆಲಿನಾಗ ಹುಡಿಗ್ಯಾರು ಎಷ್ಟ ಮಂದಿ ಅದಾರ್ರಿ?" ಎಂದಳು.

"ಇಪ್ಪತ್ತೆರಡು. ಯಾಕ್ರಿ?"

"ರೊಟ್ಟಿ ಕಟ್ಟಬೇಕಲ್ರೀ" ಎಂದಳು.

ನಾನು ಅವಳನ್ನು ಅಪ್ಪಿಕೊಂಡುಬಿಟ್ಟೆ. ಸರ್‌ಗೆ ಹೇಳಿದಾಗ ಅವರು ಮಣ್ಣು ಮೆತ್ತಿದ ಎರಡೂ ಕೈ ಮುಗಿದು ಶರಣಮ್ಮನಿಗೆ ನಮಸ್ಕಾರ ಮಾಡಿದರು. ರೊಟ್ಟಿಯ ಗಂಟು ನನ್ನ ಚೀಲಕ್ಕಿಂತ ದೊಡ್ಡದಾಯಿತು. ಬೀರಪ್ಪ ಟ್ರ್ಯಾಕ್ಟರಿನಲ್ಲಿ ರಸ್ತೆಯವರೆಗೆ ಬಿಟ್ಟು, ಅದೇ ಟಂಟಂ ಹತ್ತಿಸಿದ.

ಹುಮನಾಬಾದಿನಿಂದ ಕಲಬುರಗಿ ಬಸ್ಸಿನಲ್ಲಿ ಮೂವರಿಗೂ ಒಂದೇ ಸಾಲಿನಲ್ಲಿ ಸೀಟು ಸಿಕ್ಕಿತು. ಈ ಸಲವೂ ದುಡ್ಡು ತೆತ್ತವರು ಸರ್ ಒಬ್ಬರೇ. ಕಿಟಕಿಯ ಹತ್ತಿರ ಕೂತಿದ್ದ ಮಾದೇವಿ ನನ್ನ ಕಡೆ ತಿರುಗಿದಳು.

"ಅಕ್ಕಾರ, ಸರ್‌ಗ ಕೇಳ್ರಿ. ಅವರ ಊರಿಗಿ ಹ್ಯಾಂಗ ಹೋಗಬೇಕು?"

ಕೇಳಿದೆ. ಲಂಡನ್ನಿನಿಂದ ಮೂರು ತಾಸು ರೈಲು, ಯಾಕೆ ಎಂದರು.

"ಮುಂದ ಯಾವಾಗರ ಇವರಿಗಿ ಛುಟ್ಟಿ ಮಾಡಿದ್ರ ನಾ ಹೋಗಬೇಕಲ್ರೀ, ಇವರ ಮನೀ ತನಕಾ."

ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಸರ್ ಕತ್ತಲಾಗುತ್ತಿದ್ದ ತೊಗರಿಯ ಹೊಲಗಳನ್ನು ನೋಡುತ್ತ ಕೂತರು. ಕಣ್ಣೊರೆಸಿಕೊಂಡಾಗ ಅಂಗೈಯ ಕರಿಮಣ್ಣು ಕೆನ್ನೆಗೂ ಹತ್ತಿತು. ಆಮೇಲೆ ನನಗೆ ಹೇಳಿದರು, "ಅವಳಿಗೆ ಹೇಳು. ಸ್ಟೇಷನ್ನಿನ ಹೊರಗೇ ಬಸ್ಸು ಸಿಗುತ್ತದೆ. ಚರ್ಚಿನ ಹತ್ತಿರ ಇಳಿಯಬೇಕು. ಎದುರಿಗೇ ಹಸಿರು ಬಾಗಿಲು."

"ಚರ್ಚಿನ ಹತ್ರ. ಹಸರ ಬಾಗಲಾ" ಎಂದು ಮಾದೇವಿ ತನ್ನಷ್ಟಕ್ಕೆ ಎರಡು ಸಲ ಹೇಳಿಕೊಂಡಳು. "ಆತ್ರಿ. ಸಿಗತದ."