ಬಸಿಗಾಲುವೆ ಮುಚ್ಚಿಸಿದ ನಾಮದೇವ

ನಾಮದೇವನ ಎಡಗೈ ಮೊಣಕೈಯಿಂದ ಕೆಳಗೆ ಸೊಟ್ಟಗಿದೆ. ಅದನ್ನು ಮುರಿದವನು ನಾನು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೆ ಅವನ ಬಗ್ಗೆ ಬರೆಯಲು ಕೂತು ಇದನ್ನೇ ನುಂಗಿಕೊಂಡರೆ ಬರೆದು ಏನು ಬಂತು?

ಚಿಮ್ಮಡದ ಆಚೆ ನಮ್ಮೂರು. ನಾಮದೇವ ಜಮಖಂಡಿಯ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ಅಟೆಂಡರ್. ಇಪ್ಪತ್ತೆರಡು ವರ್ಷ ಬಾಟಲಿ ತೊಳೆದು, ಪಾಠ ಮಾಡುವವರಿಗಿಂತ ತಾನೇ ಹೆಚ್ಚು ಕಲಿತೆ ಎಂದುಕೊಂಡಿದ್ದ. ನಾವೂ ಹಾಗೇ ಅಂದುಕೊಂಡಿದ್ದೆವು ಅನ್ನಿ. ಯಾರ ಬೋರಿನ ನೀರು ಸವಳಾದರೂ ಅವನ ಮನೆಗೇ ಓಡುತ್ತಿದ್ದೆವು.

ಕೆರೆಯ ಮೀನು ನಮ್ಮ ಇಪ್ಪತ್ತು ಮನೆಗಳದ್ದು. ಮೇಲಿನ ಕಬ್ಬಿನ ಹೊಲಗಳಿಂದ ಬಸಿದ ನೀರು ಬಸಿಗಾಲುವೆಯಲ್ಲಿ ಹರಿದು ಕೆರೆಗೆ ಬರುತ್ತಿತ್ತು. ಹೋದ ವರ್ಷ ನಾಮದೇವ ಅದನ್ನು ಪರೀಕ್ಷಿಸಿ ಎಲ್ಲರೆದುರು ಹೇಳಿದ: “ಇದರಾಗ ಬರೇ ಯೂರಿಯಾದ ನೈಟ್ರೇಟ್ ಐತ್ರಿ. ಅದರಿಂದ ಪಾಚಿ ಬೆಳದು ಮೀನ ಸಾಯ್ತಾವ. ಕಾಲುವಿ ಬಾಯಿ ಮುಚ್ಚರಿ, ಕೆರಿ ಉಳಿತೈತಿ.”

ಮರುದಿನವೇ ಜೆಸಿಬಿ ತಂದೆವು. ಮೇಲಿನ ಹೊಲದ ದಶರಥ ಅಡ್ಡ ಬಂದ. ಕಾಲುವೆ ಮುಚ್ಚಿದರೆ ಅವನ ಕಬ್ಬಿನ ಬುಡದಲ್ಲಿ ನೀರು ನಿಂತು ಹೊಲ ಜವಳಾಗುತ್ತಿತ್ತು. ಕಲ್ಲೆಸೆದು ಜೆಸಿಬಿ ಗಾಜು ಒಡೆದ. “ನಿಮ್ಮ ಮೀನಾ ಎಲ್ಲಾ ಸಾಯ್ಲಿ!” ಎಂದು ಚೀರಿದ. ಅವನನ್ನು ಕೆಸರಿಗೆ ನೂಕಿ ಕಾಲುವೆ ಮುಚ್ಚಿದೆವು.

ಬೇಸಿಗೆಗೆ ಕೆರೆ ಹಸಿರುಗಟ್ಟಿತು. ಏಪ್ರಿಲ್‌ನ ಒಂದು ಬೆಳಿಗ್ಗೆ ಮೀನೆಲ್ಲ ಸತ್ತು ತೇಲುತ್ತಿದ್ದವು. ದಶರಥನ ಪಂಪ್‌ಶೆಡ್ಡಿನಲ್ಲಿ ಕೀಟನಾಶಕದ ಖಾಲಿ ಡಬ್ಬಿ ಸಿಕ್ಕಿತು. ಅಂಥ ಡಬ್ಬಿ ನಮ್ಮೆಲ್ಲರ ಶೆಡ್ಡಿನಲ್ಲೂ ಇದ್ದವು. ಅವತ್ತು ಅದು ಯಾರಿಗೆ ಬೇಕಾಗಿತ್ತು? ಅವನನ್ನು ಕೆರೆ ಏರಿಗೆ ಎಳೆದು ತಂದು ಕಬ್ಬಿನ ಜಲ್ಲೆಯಿಂದ ಬಡಿದೆವು. ಕಬ್ಬು ಮುರಿದ ಮೇಲೆ ಗುದ್ದಲಿ ಕಾವು ಹಿಡಿದೆವು. ಎರಡು ಹಲ್ಲು ಉದುರಿದವು, ಒಂದು ಕಣ್ಣು ಬಾತು ಮುಚ್ಚಿತು. ಯಾರೋ ಅವನ ತಲೆಯನ್ನು ನೀರಿನಲ್ಲಿ ಅದುಮಿ ಹಿಡಿದರು. ಕಾಲು ಬಡಿಯುವುದು ನಿಧಾನವಾಗುತ್ತಿತ್ತು.

“ಬಿಡ್ರಿ ಅವನ್ನ! ತಪ್ಪು ನಂದು!”

ನಾಮದೇವ ಓಡಿ ಬಂದ, ಎರಡೂ ಕೈಯಲ್ಲಿ ಬಾಟಲಿ. ಒಂದರ ನೀರು ತಿಳಿ, ಇನ್ನೊಂದರದು ಕಡುನೀಲಿ.

“ಡಿಎಪಿ ಗೊಬ್ಬರದಾಗ ಇರೋ ರಂಜಕ ಕೆರಿ ಕೆಸರಿನಾಗೂ ಇರತೈತಿ. ಕಾಲುವಿ ನೈಟ್ರೇಟ್ ಬರೂತನಕ ಕೆಸರು ಅದನ್ನ ಹಿಡಕೊಂಡಿತ್ತು. ನಾ ಕಾಲುವಿ ಮುಚ್ಚಿಸಿದೆ, ನೈಟ್ರೇಟ್ ತೀರಿತು, ಕೆಸರು ರಂಜಕ ಬಿಟ್ಟಬಿಟ್ಟತು. ಅದನ್ನ ಉಂಡು ಪಾಚಿ ಬೆಳೀತು, ಕೊಳೀತು, ಮೀನಿಗೆ ಉಸರ ಸಿಗಲಿಲ್ಲ.” ಬಾಟಲಿ ಎತ್ತಿದ. “ಕೆರಿ ಹಸರಗಟ್ಟಿದಾಗ ಎರಡರಾಗೂ ಅದ ಕೆಸರು ಹಾಕಿಟ್ಟಿದ್ದೆ. ಇವತ್ತ ಮುಂಜಾನೆ ರಂಜಕ ಇದ್ರ ನೀಲಿ ಆಗೋ ಔಷಧ ಹಾಕಿ ಪರೀಕ್ಷಾ ಮಾಡಿದೆ. ಕಾಲುವಿ ನೀರು ಹಾಕಿದ್ದು ತಿಳಿ ಉಳದೈತಿ. ಹಾಕದ್ದು ರಂಜಕ ಬಿಟ್ಟು ನೀಲಿ ಆಗೇತಿ.”

ದಶರಥನನ್ನು ಬಿಟ್ಟೆವು. ಅವನು ದಂಡೆಯಲ್ಲಿ ಬಿದ್ದು ರಕ್ತ, ನೀರು ಕಾರಿದ. ನಮ್ಮ ಸಿಟ್ಟು ಮಾತ್ರ ಇಳಿಯಲಿಲ್ಲ.

“ಹಂಗಾರ ಕೊಂದಾಂವ ನೀನ ಏನಲೇ?” ಎಂದು ನಾನೇ ಮೊದಲು ಅವನ ಎಡಗೈಗೆ ಕಾವು ಬೀಸಿದೆ. ಎಲುಬು ಮುರಿದ ಸದ್ದು ಕೇಳಿಸಿತು. ಆದರೂ ಇನ್ನೊಂದು ಹಾಕಿದೆ. ಉಳಿದವರೂ ಮೇಲೆ ಬಿದ್ದರು.

ಅಷ್ಟರಲ್ಲಿ ದಶರಥ ತೆವಳುತ್ತ ಬಂದ. ತನ್ನ ಪಾಲಿನ ಏಟು ಹಾಕಲು ಬಂದನೆಂದು ದಾರಿ ಬಿಟ್ಟೆವು. ಅವನು ನಾಮದೇವನ ಕೆನ್ನೆಗೆ ಒಂದೇ ಒಂದು ಬಾರಿಸಿದ. “ನನ್ನ ಹೊಲಾ ಹಾಳ ಮಾಡಿದೆಲ್ಲೋ” ಎಂದು ಅತ್ತ. ಆಮೇಲೆ ಅವನ ಮೈಮೇಲೆಯೇ ಅಡ್ಡ ಬಿದ್ದು ನಮ್ಮನ್ನು ನೋಡಿದ.

“ಇನ್ನ ಸಾಕು. ಅಂವ ಬಾಯಿ ಬಿಡದಿದ್ರ ನಾ ಇಷ್ಟೊತ್ತಿಗೆ ಹೆಣಾ. ಹೊಡೀತಿದ್ರ ಮೊದಲ ನನಗ ಹೊಡೀರಿ.”

ಯಾರೂ ಹೊಡೆಯಲಿಲ್ಲ. ಕಾಲುವೆ ತೆರೆದಿದ್ದೇವೆ, ಹೊಸ ಮೀನುಮರಿ ಬಿಟ್ಟಿದ್ದೇವೆ. ಆದರೆ “ತಪ್ಪು ನಂದು” ಅನ್ನುವ ಮಾತನ್ನು ನಮ್ಮ ಇಪ್ಪತ್ತು ಮನೆಯವರಲ್ಲಿ ಒಬ್ಬನೂ ದಶರಥನ ಮುಂದೆ ಆಡಿಲ್ಲ. ನಾನೂ ಆಡಿಲ್ಲ.