ಸೋಮಲಿಂಗ ಬಿಟ್ಟ ಪೆಟ್ಟು

ಬನಹಟ್ಟಿಯ ಸೋಮಲಿಂಗ ಹಗಲೆಲ್ಲ ಪಾವರ್‌ಲೂಮಿನ ಮುಂದೆ ನಿಲ್ಲುವವನು; ಸೋಮವಾರ ಸಂಜೆ ನಮ್ಮ ಭಜನಾ ಮೇಳದಲ್ಲಿ ತಬಲಾಕ್ಕೆ ಕೂಡುವವನು. ಅವನಿಗೆ ಗುರುವಿಲ್ಲ, ನನಗೂ ಇಲ್ಲ. ಕಿವಿಯೇ ನಮ್ಮ ಸಾಲಿ. ಪೆಟ್ಟು ಬೀಳಲೇಬೇಕಾದ ಕಡೆ ಅವನು ಕೈ ಎತ್ತಿ ಹಿಡಿದುಬಿಡುತ್ತಿದ್ದ. ಕೇಳುವವರ ಎದೆ ಧಸಕ್ಕೆಂದ ಮೇಲೆ ಬಾರಿಸುತ್ತಿದ್ದ. ಆ ಖಾಲಿ ಜಾಗಕ್ಕಾಗಿಯೇ ಹಿಪ್ಪರಗಿಯಿಂದ ಮಂದಿ ಬೈಕ್ ಹತ್ತಿ ಬರುತ್ತಿದ್ದರು.

ಹೋದ ಶ್ರಾವಣದಲ್ಲಿ ರನ್ನ ಬೆಳಗಲಿಯ ಮಠದಲ್ಲಿ ಹಾಡುತ್ತಿದ್ದೆವು. ಎರಡನೆಯ ಪದದ ನಡುವೆ ಪೆಟ್ಟು ನಿಂತಿತು. ಹಾರ್ಮೋನಿಯಂ ಪೇಟಿ ನುಡಿಸುವ ಶಿವಯೋಗಿ ನನ್ನತ್ತ ಕಣ್ಣು ಹೊಡೆದ: "ಬಿಟ್ಟ ನೋಡ್ರಿ ಮಗಾ."

ನಗುತ್ತಲೇ ಹಾಡಿದೆವು. ಒಂದು ಸುತ್ತು ಹೋಯಿತು, ಎರಡು ಹೋಯಿತು. ಇನ್ನಾದರೂ ಪೆಟ್ಟು ಹಾಕಲಿ ಎಂದು ನಾನು ತಾಳ ಗಟ್ಟಿಯಾಗಿ ಬಡಿದೆ. ಅವನು ಯಾವಾಗಲೂ ತಲೆ ಬಗ್ಗಿಸಿ ಬಾರಿಸುವವನು, ತಬಲಾದ ಮೇಲೆ ವಾಲಿದ್ದರೂ ಯಾರಿಗೂ ಗುಮಾನಿ ಬರಲಿಲ್ಲ. ಹೆಂಗಸರ ಸಾಲಿನಿಂದ ಅವನ ಹೆಂಡತಿ ಶಿವವ್ವ ಎದ್ದು ಬಂದಳು.

"ತಾಳ ನಿಂದರಸ್ರಿ. ಇವ್ರಿಗೆ ಎಚ್ಚರಿಲ್ಲ."

ಮುಟ್ಟಿದರೆ ಮೈ ಬಾವಿಕಲ್ಲಿನಂತೆ ತಣ್ಣಗಿತ್ತು. ಅವನು ಬಿದ್ದದ್ದಕ್ಕೆ ನಾವು ತಾಳ ಹಾಕಿದ್ದೆವು.

ನೀರು ಚಿಮುಕಿಸಿದ ಮೇಲೆ ಕಣ್ಣು ಬಿಟ್ಟ. ಮುಧೋಳದಲ್ಲಿ ಡಾಕ್ಟರ್ ಸರಿತಾ ಎರಡು ದಿನ ಎದೆಗೆ ವಾಯರು ಹಚ್ಚಿ ನೋಡಿ, ಕಾಗದದ ಮೇಲೆ ಸಪಾಟಾದ ಗೆರೆಯೊಂದನ್ನು ತೋರಿಸಿದರು.

"ಇಲ್ಲಿ ಐದು ಸೆಕೆಂಡ್ ಬಡಿತ ಇಲ್ಲ. ಮಿದುಳಿಗೆ ರಕ್ತ ಸಾಲದ ಹಿಂಗ ಬೀಳೂದಕ್ಕ ಸಿಂಕೋಪಿ ಅಂತಾರ. ನೀವು ತಬಲಾದಾಗ ಪೆಟ್ಟು ಸರಸೂದಕ್ಕೂ ಅದ ಬೇರಿನ ಹೆಸರು, ಸಿಂಕೋಪೇಶನ್. 'ಮಾಡುತ್ತೇನೆ' ಅನ್ನೂದು 'ಮಾಡ್ತೇನಿ' ಆಗಿ ನಡುವಿನ ದನಿ ಬೀಳೂದಕ್ಕೂ ಸಿಂಕೋಪಿ ಅಂತನ ಹೆಸರು."

"ಮಾತಿನ್ಯಾಗ ಬಿದ್ರ ಯಾರೂ ಸಾಯಂಗಿಲ್ಲ ಬಿಡ್ರಿ ಡಾಕ್ಟರ್ ಬಾಯಾರ," ಎಂದಳು ಶಿವವ್ವ.

ಬಡಿತ ತಪ್ಪದಂತೆ ಕಾಯುವ ಪೇಸ್‌ಮೇಕರನ್ನು ಎದೆಯ ಚರ್ಮದೊಳಗೆ ಕೂಡಿಸಿದರು. ಅವನು ಮತ್ತೆ ತಬಲಾಕ್ಕೆ ಕೂತ ದಿನ ಶಿವವ್ವ ಎಲ್ಲರೆದುರು ಹೇಳಿದಳು: "ಪೆಟ್ಟ ಬಿಟ್ರ ತಬಲಾ ಬಾವಿಗೆ ಹಾಕ್ತೀನಿ."

ಎರಡು ಪದ ಒಂದೂ ಪೆಟ್ಟು ಬಿಡದೆ ಲೂಮಿನ ಹಾಗೆ ಬಾರಿಸಿದ. ಬೆರಳಿನಲ್ಲಿ ಜೀವವಿರಲಿಲ್ಲ. ಮೂರನೆಯದರಲ್ಲಿ ಕೈ ಮೇಲೆದ್ದಿತು, ಇಳಿಯಲಿಲ್ಲ.

ಮೇಳವೆಲ್ಲ ಒಮ್ಮೆಲೇ ಹಾಡು ನಿಲ್ಲಿಸಿತು. ಪೇಟಿ ನಿಂತಿತು. ಅವನ ಕೈಯನ್ನು ಯಾರೂ ನೋಡಲಿಲ್ಲ, ಕತ್ತನ್ನು ನೋಡಿದೆವು. ತಲೆ ಬಗ್ಗಿಸಿಕೊಂಡೇ ಅಂದ:

"ಅದೀನಿ. ಹಾಡ್ರಲೇ."

ಪೆಟ್ಟು ಬಿತ್ತು. ಶಿವವ್ವ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಹಾಡಿದೆವು, ನನ್ನ ತಾಳ ಮಾತ್ರ ಕೊನೆಯವರೆಗೂ ಲಯಕ್ಕೆ ಬರಲಿಲ್ಲ.